ಎಲ್ಲರೂ ಒಪ್ಯಾರೆ ಅಂದವಳು ನಾನು

ನನ್ನ ಅಂಗಡಿಯಲ್ಲಿ ಬಾಯಿಮಾತಿನ ಅಳತೆಗೆ ಬಟ್ಟೆ ಕತ್ತರಿಸುವುದಿಲ್ಲ. ದಾವಣಗೆರೆಯ ದೇವರಾಜ ಅರಸು ಬಡಾವಣೆಯಲ್ಲಿ ನಮ್ಮ ಮನೆಯ ಮುಂದಿನ ಕೋಣೆಯೇ ಅಂಗಡಿ. ಎರಡು ಮಿಷನ್, ಕತ್ತರಿಸುವ ಒಂದು ಮೇಜು, ಗೋಡೆಗೆ ಒಂದು ಕನ್ನಡಿ. ಇಪ್ಪತ್ತಾರು ವರ್ಷಗಳಿಂದ ಹೆಂಗಸರ ಬಟ್ಟೆ ಹೊಲಿಯುತ್ತಿದ್ದೇನೆ. ಯಾರಾದರೂ ತಾಯಿ ಬಂದು, "ಮಗಳದು ರೀ, ನನ್ನಷ್ಟೇ ಅದಾಳೆ, ಒಂದೀಟು ಸಣ್ಣಕೆ ಹಿಡೀರಿ" ಎಂದರೆ, "ಆಕೀನ್ನೇ ಕಳಿಸ್ರಿ, ಇಲ್ಲಾ ಅಳತೆ ಬ್ಲೌಸ್ ತರ್ರಿ" ಎಂದು ವಾಪಸು ಕಳಿಸುತ್ತೇನೆ. ಸಿಟ್ಟಾಗಿ ಬೇರೆ ಕಡೆ ಹೋದವರಿದ್ದಾರೆ. ಆದರೂ ಆ ರೂಢಿ ಬಿಟ್ಟಿಲ್ಲ. ತಪ್ಪಾಗಿ ಕತ್ತರಿಸಿದ್ದನ್ನು ಕೂಡಿಸಿ ಹೊಲಿಯಬಹುದು, ಆದರೆ ಆ ಹೊಲಿಗೆ ಕಾಣುತ್ತದೆ.

ಬಟ್ಟೆಯ ವಿಷಯದಲ್ಲಿ ಇಷ್ಟು ಜಾಗ್ರತೆಯಿದ್ದ ನಾನು ಒಂದು ದಿನ ಫೋನಿನಲ್ಲಿ ನಾಲ್ಕು ನಿಮಿಷ ಮಾತಾಡುವಾಗ ಅದನ್ನು ಮರೆತೆ. ಆ ಮಾತು ಕೇಳಿ ಇಬ್ಬರು ಊರಿಗೆ ಮರಳಿದರು. ಮರಳಿದ ಹದಿನಾಲ್ಕನೆಯ ದಿನ ಅವರಿಬ್ಬರೂ ಬದುಕಿರಲಿಲ್ಲ. ನಡೆದದ್ದನ್ನು ನಡೆದ ಕ್ರಮದಲ್ಲಿ ಬರೆಯುತ್ತೇನೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದೇ ಬರೆಯುತ್ತೇನೆ.

ಹುಡುಗಿ ನಮ್ಮ ಮನೆಯಿಂದ ಎರಡು ಅಡ್ಡರಸ್ತೆ ಆಚೆಯವಳು. ಲಿಂಗ ಕಟ್ಟಿಕೊಂಡ ಮನೆತನ. ತಂದೆಗೆ ಪೇಟೆಯಲ್ಲಿ ಕಾಳಿನ ವ್ಯಾಪಾರ, ಹದಡಿಯಲ್ಲಿ ಜಮೀನು. ಜಮೀನು ನೋಡಿಕೊಂಡು ಅವರ ಅಣ್ಣ ಹದಡಿಯಲ್ಲೇ ಇದ್ದಾರೆ. ನಾವೂ ಅವರ ಜಾತಿಯವರೇ, ಆದರೆ ಅಂದಂದಿನ ದುಡಿಮೆಯವರು. ಬಿ.ಕಾಂ. ಮುಗಿಸಿ ಮನೆಯಲ್ಲಿದ್ದ ಮಗಳನ್ನು, ವರ ಬರುವ ತನಕ ಸುಮ್ಮನೆ ಕೂರುವುದು ಬೇಡವೆಂದು, ತಾಯಿ ನನ್ನ ಹತ್ತಿರ ಹೊಲಿಗೆ ಕಲಿಯಲು ಬಿಟ್ಟಿದ್ದರು.

ಹುಡುಗ ಹರಿಹರ ತಾಲ್ಲೂಕಿನ ಸಾರಥಿಯವನು. ಹರಿಹರದ ಒಂದು ಅಂಗಡಿಯಲ್ಲಿ ಹೊಲಿಗೆ ಮಿಷನ್ ರಿಪೇರಿ ಕೆಲಸ. ಬೈಕಿನ ಹಿಂದೆ ಸಾಮಾನಿನ ಚೀಲ ಕಟ್ಟಿಕೊಂಡು ದಾವಣಗೆರೆಯ ಟೈಲರ್ ಅಂಗಡಿಗಳನ್ನೆಲ್ಲ ಸುತ್ತುತ್ತಿದ್ದ. ತಂದೆ ಇಲ್ಲ. ತಾಯಿ ಗದ್ದೆ ಕೂಲಿಗೆ ಹೋಗುತ್ತಾರೆ. ಜಾತಿ ಬೇರೆ. ಹುಡುಗಿಯ ಮನೆಯವರು ತಮ್ಮ ಹೊಸ್ತಿಲೊಳಗೆ ಕರೆಯದ ಜಾತಿ.

ಮೊದಲು ಅವನು ನಮ್ಮಲ್ಲಿಗೆ ಮೂರು ತಿಂಗಳಿಗೊಮ್ಮೆ ಬರುತ್ತಿದ್ದ. ಹುಡುಗಿ ಕಲಿಯಲು ಬಂದ ಮೇಲೆ ಹದಿನೈದು ದಿನಕ್ಕೊಮ್ಮೆ ಮಿಷನ್ ಕೆಡತೊಡಗಿತು.

"ಏನಾಗೈತ್ರಿ ಅಕ್ಕಾರೆ ಮಿಷನ್‌ಗೆ?"

"ನೂಲು ಕಡೀತೈತಂತೆ. ಆಕೀನ್ನೇ ಕೇಳಪ್ಪ."

ಅವನು ಒಂದು ಚಿಂದಿ ಇಟ್ಟು ಹೊಲಿದು ನೋಡುತ್ತಿದ್ದ. "ಮಿಷನ್ ಚೆನ್ನಾಗೈತ್ರಿ. ತುಳಿಯೋರದು ಕುದ್ರೆ ಕಾಲು."

"ನಾಲ್ಕ್ ಸಲ ಬಂದ್ರೂ ರಿಪೇರಿ ಆಗಲ್ಲ ಅಂದ್ರೆ ಮೆಕ್ಯಾನಿಕ್ಕೇ ಸುಮಾರು ಅಂತ" ಎಂದು ಅವಳು ತಲೆ ಎತ್ತದೆ ಹೇಳುತ್ತಿದ್ದಳು.

"ನಾಲ್ಕ್ ಸಲಾನೂ ಒಂದೇ ಸ್ಕ್ರೂ ರೀ. ತಾನಾಗೇ ಸಡ್ಲ ಆಗೋ ಸ್ಕ್ರೂ ಅಲ್ಲ ಅದು."

ಕೆಳಗಿನ ನೂಲು ಕೂರುವ ಬಾಬಿನ್ ಕೇಸಿನ ಸಣ್ಣ ಸ್ಕ್ರೂ ಅದು. ಯಾರಾದರೂ ತಿರುಗಿಸದೆ ಸಡಿಲಾಗುವುದಿಲ್ಲ. ಯಾರು ತಿರುಗಿಸುತ್ತಿದ್ದರೆಂದು ನನಗೆ ಎರಡನೇ ಸಲವೇ ಗೊತ್ತಾಯಿತು. ಒಳಗೊಳಗೇ ನಕ್ಕೆ. ಅವಳ ತಾಯಿಗೆ ಹೇಳಲಿಲ್ಲ. ಅವನು ಹೋಗುವಾಗ ಎರಡೂ ಮಿಷನ್‌ಗಳಿಗೆ ಎಣ್ಣೆ ಬಿಟ್ಟು, ಚಕ್ರ ಒಂದು ಸುತ್ತು ತಿರುಗಿಸಿ, ಕಿವಿಗೊಟ್ಟು ಕೇಳಿಯೇ ಹೊರಡುತ್ತಿದ್ದ. ಅಷ್ಟು ಹೊತ್ತೂ ಅವಳು ಹುಕ್ಕು ಹಾಕುವುದನ್ನು ನಿಲ್ಲಿಸಿರುತ್ತಿದ್ದಳು. ಆಗಲೇ ಹೇಳಿಬಿಟ್ಟಿದ್ದರೆ ಎಂದು ಈಗ ಕೆಲವರು ಕೇಳುತ್ತಾರೆ. ಹೇಳದೆ ಇದ್ದದ್ದು ತಪ್ಪೆಂದು ನನಗೆ ಇವತ್ತಿಗೂ ಅನ್ನಿಸಿಲ್ಲ. ನನ್ನ ತಪ್ಪು ಬೇರೆ.

ಶಿವರಾತ್ರಿ ಮುಗಿದ ವಾರ ಇಬ್ಬರೂ ಊರು ಬಿಟ್ಟರು. ಆಕೆಗೆ ಇಪ್ಪತ್ತೆರಡು, ಅವನಿಗೆ ಇಪ್ಪತ್ತಾರು. ಮೂರನೇ ದಿನ ಗೊತ್ತಿಲ್ಲದ ನಂಬರಿನಿಂದ ಫೋನು ಬಂತು.

"ಆಂಟಿ, ನಾನು. ಈ ನಂಬರ್ ಯಾರಿಗೂ ಕೊಡಬ್ಯಾಡ್ರಿ."

ಶಿವಮೊಗ್ಗದಲ್ಲಿ ಅವನ ಗೆಳೆಯನ ಮನೆಯ ಮೇಲಿನ ಕೋಣೆಯಲ್ಲಿದ್ದೇವೆ ಎಂದಳು. ಗುಡಿಯಲ್ಲಿ ಹಾರ ಹಾಕಿಕೊಂಡಾಗಿದೆ, ಕಾಗದ ಪತ್ರ ಸೇರಿಸಿ ರಿಜಿಸ್ಟರ್ ಮಾಡಿಸಬೇಕು, ಅವನಿಗೆ ಅಲ್ಲೇ ಒಂದು ಗಾರ್ಮೆಂಟ್ಸ್‌ನಲ್ಲಿ ಮಿಷನ್ ನೋಡಿಕೊಳ್ಳುವ ಕೆಲಸ ಸಿಗುವಂತಿದೆ ಎಂದಳು. ಕೊನೆಗೆ ದನಿ ಸಣ್ಣದು ಮಾಡಿ ಕೇಳಿದಳು: "ನಮ್ಮವ್ವ ಊಟ ಮಾಡ್ತಾಳಂತಾ?"

ಗೊತ್ತಿಲ್ಲವೆಂದೆ. ನಿಜವಾಗಿಯೂ ಗೊತ್ತಿರಲಿಲ್ಲ.

ಒಂಬತ್ತನೇ ದಿನ ಬೆಳಿಗ್ಗೆ ಹತ್ತೂವರೆಗೆ ಅವಳ ತಾಯಿ ನನ್ನ ಅಂಗಡಿಗೆ ಬಂದರು. ಕೈಯಲ್ಲಿ ಬಟ್ಟೆಯ ಚೀಲ. ಯಾರದೋ ಬ್ಲೌಸಿಗೆ ಗುರುತು ಹಾಕುತ್ತಿದ್ದ ನಾನು ಚಾಕ್‌ಪೀಸ್ ಕೆಳಗಿಟ್ಟೆ. ಅವರು ಚೀಲದಿಂದ ಒಂದೊಂದೇ ತೆಗೆದು ಕತ್ತರಿಸುವ ಮೇಜಿನ ಮೇಲಿಟ್ಟರು. ಅಕ್ಕಿ, ಒಂದು ತೆಂಗಿನಕಾಯಿ, ಅರಿಶಿಣದ ಕೊಂಬು, ಎಲೆ ಅಡಿಕೆ, ಬೆಲ್ಲದ ಅಚ್ಚು, ಹಸಿರು ಕುಬಸದ ಖಣ. ಉಡಿ ತುಂಬುವ ಸಾಮಾನು. ನಮ್ಮ ಕಡೆ ಮಗಳನ್ನು ಗಂಡನ ಮನೆಗೆ ಕಳಿಸುವಾಗ ಅವಳ ಸೆರಗಿನಲ್ಲಿ ಇವನ್ನು ತುಂಬಿ ಕಳಿಸುತ್ತೇವೆ. ತುಂಬದೆ ಕಳಿಸಿದ ಮಗಳು ತವರಿನಿಂದ ಹೋದವಳಲ್ಲ, ತಪ್ಪಿಸಿಕೊಂಡವಳು.

"ಬರೇ ಉಡೀಲೆ ಹೋಗ್ಯಾಳೆ ಅಕ್ಕಾ" ಎಂದರು. "ಹೋದ್ರೆ ಹೋಗ್ಲಿ, ಉಡಿ ತುಂಬಿಸ್ಕೊಂಡು ಹೋಗ್ಲಿ. ನಾವೇ ಮಾಡಿ ಕೊಡ್ತೀವಿ. ನಿಮಗೆ ಆಕೀ ನಂಬರ್ ಗೊತ್ತೈತೆ ಅಂತ ನನಗೆ ಗೊತ್ತು. ಬರಾಕೆ ಹೇಳ್ರಿ."

"ನೀವೇ ಮಾತಾಡ್ರಿ, ಹಚ್ಚಿ ಕೊಡ್ತೀನಿ."

"ನನ್ನ ಮಾತು ನಂಬಲ್ಲ ಆಕಿ. ನಿಮ್ಮದು ನಂಬ್ತಾಳೆ."

ನಾನು ಒಂದೇ ಒಂದು ಪ್ರಶ್ನೆ ಕೇಳಿದೆ. "ಅವರಪ್ಪಾರು ಏನಂದ್ರು?"

"ನಿನ್ನೆ ಊಟಕ್ಕೆ ಕುಂತಾಗ ಹೇಳ್ದೆ. ನಾವೇ ಉಡಿ ತುಂಬಿ ಕೊಟ್ಟು ಬಿಡಾಣ ಅಂತ. ಸುಮ್ನಿದ್ರು. ಮಜ್ಜಿಗೆ ಹಾಕಿಸ್ಕೊಂಡು ಉಂಡು ಎದ್ರು. ಬ್ಯಾಡ ಅನ್ನೋರಾಗಿದ್ರೆ ತಾಟು ತಳ್ಳಿ ಎದ್ದಿರೋರು."

ಓದುವವರಿಗೆ ಇದು ಎಂಥ ಸಾಕ್ಷಿ ಅನ್ನಿಸಬಹುದು. ನಮಗಿಬ್ಬರಿಗೂ ಸಾಕಾಯಿತು. ನಮ್ಮ ಮನೆಗಳಲ್ಲಿ ಹೆಂಗಸರು ಗಂಡಸರ ಒಪ್ಪಿಗೆ ತಿಳಿಯುವುದೇ ಹೀಗೆ. ತಾಟು ತಳ್ಳಲಿಲ್ಲ, ಚಪ್ಪಲಿ ಮೆಟ್ಟಿ ಹೊರಗೆ ಹೋಗಲಿಲ್ಲ, ಹಾಗಾದರೆ ಹೂಂ. ತವರಿಗೆ ಹೋಗುವುದು, ಮಗಳನ್ನು ಕಾಲೇಜಿಗೆ ಹಾಕುವುದು, ಎಲ್ಲಕ್ಕೂ ಈ ಹೂಂ ನಡೆದಿದೆ. ನನ್ನ ಅಂಗಡಿಯೂ ಅಂಥದೇ ಒಂದು ಹೂಂ ಮೇಲೆ ಶುರುವಾದದ್ದು. ಅಲ್ಲದೆ ಅಕ್ಕಿ ಮುಂದಿತ್ತು. ಉಡಿ ಅಕ್ಕಿ ಮುಂದಿಟ್ಟುಕೊಂಡು ಯಾರೂ ಸುಳ್ಳು ಹೇಳುವುದಿಲ್ಲ. ಆಕೆ ಹೇಳಲೂ ಇಲ್ಲ. ಇದನ್ನು ಒತ್ತಿ ಬರೆಯುತ್ತೇನೆ, ಏಕೆಂದರೆ ಆಮೇಲೆ ಜನ ಆ ತಾಯಿಯೇ ಸಂಚು ಮಾಡಿದರು ಎಂದೂ ಆಡಿಕೊಂಡರು.

ಫೋನು ಹಚ್ಚಿದೆ. ಹುಡುಗಿ ಎತ್ತಿದಳು. ತಾಯಿ ಬಂದು ಕುಂತಿದ್ದಾರೆ, ಉಡಿ ಸಾಮಾನು ತಂದಿದ್ದಾರೆ ಎಂದೆ. ಅವಳು ಅಳಲು ಶುರು ಮಾಡಿ ಫೋನು ಅವನ ಕೈಗೆ ಕೊಟ್ಟಳು.

"ಅಪ್ಪಾರು ಏನಂತಾರ್ರಿ ಅಕ್ಕಾರೆ? ದೊಡ್ಡಪ್ಪಾರು?"

ಆಗ ನಾನು ಹೇಳಬೇಕಾಗಿದ್ದ ಮಾತು ಇಷ್ಟು: ತಾಯಿ ಒಪ್ಪಿದ್ದಾರೆ, ತಂದೆ ಏನೂ ಹೇಳಿಲ್ಲ, ದೊಡ್ಡಪ್ಪನನ್ನು ಯಾರೂ ಕೇಳಿಲ್ಲ. ನಾನು ಹೇಳಿದ ಮಾತು: "ಎಲ್ಲರೂ ಒಪ್ಯಾರೆ, ಬರ್ರಿ."

ಮೇಜಿನ ಆಚೆ ಕೂತಿದ್ದ ತಾಯಿ ನನ್ನ ಮುಖ ನೋಡಿದರು. ತಿದ್ದಲಿಲ್ಲ. ಅವರಿಗೂ ಆ ಮಾತು ಹಿತವಾಗಿ ಕೇಳಿಸಿರಬೇಕು.

ಅವನು, "ನೀವು ಹೇಳಿದ್ರಲ್ಲ, ಆತು ಬಿಡ್ರಿ. ನಾಳೆ ಬರ್ತೀವಿ. ನಮ್ಮವ್ವಗೆ ಏನೂ ಹೇಳಬ್ಯಾಡ್ರಿ, ನಾನೇ ಹೇಳ್ತೀನಿ. ನೀವು ಹೇಳಿದ್ರೆ ಮುಂದಿಂದು ಕೇಳಲ್ಲ, ಖುಷಿಗೆ ಕುಣಿಯಾಕೆ ಶುರು ಮಾಡ್ತಾಳೆ" ಎಂದು ನಕ್ಕ.

ಮರುದಿನ ಹನ್ನೊಂದೂವರೆಗೆ ಬಸ್‌ಸ್ಟ್ಯಾಂಡಿನಿಂದ ಆಟೋದಲ್ಲಿ ನೇರ ಅಂಗಡಿಗೇ ಬಂದರು. ತಾಯಿ ಆಗಲೇ ಬಂದು ಕಾಯುತ್ತಿದ್ದರು. ತಾಯಿ ಮಗಳು ತಬ್ಬಿಕೊಂಡು ಅತ್ತರು. ಅವನು ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಮಿಷನ್ ಹತ್ತಿರ ಹೋಗಿ, ಕೆಡದ ಮಿಷನ್ನಿನ ಪಟ್ಟಿ ಬಿಚ್ಚಿ ಮತ್ತೆ ಹಾಕಿದ. ಉಡಿ ತುಂಬಲು ಐದು ಜನ ಮುತ್ತೈದೆಯರು ಬೇಕು. ನಾವಿಬ್ಬರೇ ಇದ್ದೆವು. ಮನೆಯಲ್ಲಿ ಇನ್ನೊಮ್ಮೆ ಎಲ್ಲರನ್ನೂ ಕರೆದು ತುಂಬಿದರಾಯಿತು ಎಂದು ತಾಯಿಯೇ ಅಂದರು. ಅವಳನ್ನು ಮಣೆ ಮೇಲೆ ಕೂರಿಸಿ, ತಾಯಿ ಮೂರು ಬೊಗಸೆ, ನಾನು ಎರಡು ಬೊಗಸೆ ಅಕ್ಕಿ ಹಾಕಿದೆವು.

"ಸೆರಗು ಗಟ್ಟಿ ಹಿಡ್ಕಳೆ, ಚೆಲ್ತೈತೆ" ಎಂದೆ.

"ನೀವು ಕಲಿಸಿದ ಅಂಚು ಆಂಟಿ, ಹರಿಯಲ್ಲ" ಎಂದಳು. ಆ ಸೀರೆಗೆ ಅಂಚು ಅವಳೇ ಹೊಲಿದುಕೊಂಡಿದ್ದಳು.

ಹನ್ನೆರಡೂವರೆಗೆ ತಂದೆ ಮತ್ತು ದೊಡ್ಡಪ್ಪ ಕಾರಿನಲ್ಲಿ ಬಂದರು. ಮನೆಯಲ್ಲಿ ತಿಳಿಸಿ ಬಂದಿದ್ದೆ ಎಂದರು ತಾಯಿ. ಯಾರೂ ಕೂಗಾಡಲಿಲ್ಲ. ದೊಡ್ಡಪ್ಪ ಹುಡುಗನಿಗೆ, "ಭಾನುವಾರ ನಿಮ್ಮ ಹಿರೇರನ್ನ ಕರ್ಕೊಂಡು ಮನೀಗೆ ಬಾರಪ್ಪ, ಕುಂತು ಮಾತಾಡಾಣ" ಎಂದರು. ಮಗಳಿಗೆ, "ಹತ್ತವ್ವಾ" ಎಂದರು. ತಂದೆ ಕಾರಿನಿಂದ ಇಳಿಯಲೇ ಇಲ್ಲ. ಮುಂದಿನ ಸೀಟಿನಲ್ಲಿ ಕೂತು ರಸ್ತೆ ನೋಡುತ್ತಿದ್ದರು. ಆ ಕ್ಷಣ ನಾನು ಕಾರಿನ ಹತ್ತಿರ ಹೋಗಿ, "ನಿಮಗೆ ಒಪ್ಪಿಗೆ ಐತಲ್ರಿ?" ಎಂದು ಕೇಳಬಹುದಿತ್ತು. ಹತ್ತು ಹೆಜ್ಜೆಯೂ ಇರಲಿಲ್ಲ. ಗಂಡಸರನ್ನು ಬೀದಿಯಲ್ಲಿ ನಿಲ್ಲಿಸಿ ಕೇಳುವುದು ಚೆನ್ನಾಗಿರುವುದಿಲ್ಲ ಎಂದು ನಿಂತುಬಿಟ್ಟೆ. ಅವಳು ಉಡಿ ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರಿಂದ ಕೈ ಬೀಸಲಾಗಲಿಲ್ಲ. ತಲೆ ಆಡಿಸಿದಳು.

ಭಾನುವಾರ ಹುಡುಗ ತನ್ನ ಸೋದರಮಾವ ಮತ್ತು ಊರಿನ ಇಬ್ಬರು ಹಿರಿಯರೊಂದಿಗೆ ಬಂದ. ಮನೆಗೆ ಬೀಗ. ಹುಡುಗಿಯನ್ನು ಕಾರು ಹತ್ತಿಸಿಕೊಂಡ ದಿನ ಸಂಜೆಯೇ ಹದಡಿಗೆ ಒಯ್ದಿದ್ದರು. ಫೋನು ಕಿತ್ತುಕೊಂಡಿದ್ದರು. ಬೇರೆ ವರ ನೋಡುತ್ತಿದ್ದಾರೆಂದು ಆ ವಾರ ಅಂಗಡಿಗೆ ಬಂದ ಹೆಂಗಸರು ಹೇಳಿದರು. ತಾಯಿಯನ್ನು ಹದಡಿಗೆ ಹೋಗಲು ಬಿಡದೆ, ಆ ಭಾನುವಾರ ಬೇರೆ ನೆಂಟರ ಮನೆಯಲ್ಲಿ ಇರಿಸಿದ್ದರು.

ಬಂದ ಏಳನೇ ದಿನ ಹುಡುಗ ನನ್ನ ಅಂಗಡಿಗೆ ಬಂದ. ಮಧ್ಯಾಹ್ನ ಮೂರು ಗಂಟೆ. ಗಡ್ಡ ಬೋಳಿಸಿರಲಿಲ್ಲ. ಬಾಗಿಲಲ್ಲೇ ನಿಂತ. ಕೂಡು ಎಂದರೆ ಕೂರಲಿಲ್ಲ.

"ಅಕ್ಕಾರೆ, ಒಂದು ಕೇಳ್ಲಾ? ಅವತ್ತು ಎಲ್ಲರೂ ಒಪ್ಯಾರೆ ಅಂದ್ರಲ್ಲ. ಎಲ್ಲರೂ ಅಂದ್ರೆ ಯಾರ್ಯಾರು?"

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಮಿಷನ್ನಿನ ಯಾವ ಭಾಗ ಕೆಟ್ಟಿದೆ ಎಂದು ಹುಡುಕುವಾಗ ಕೇಳುವ ಹಾಗೆಯೇ ಕೇಳಿದ. ನಾನು ಮನಸ್ಸಿನಲ್ಲೇ ಎಣಿಸಿದೆ. ಒಂದಕ್ಕೇ ಎಣಿಕೆ ನಿಂತಿತು.

"ಅವರವ್ವ ಒಪ್ಪಿದ್ರಪ್ಪಾ" ಎಂದೆ.

"ಹೂಂ" ಎಂದ. ಒಳಗೆ ಬಂದು ಚೀಲದಿಂದ ಎಣ್ಣೆ ಡಬ್ಬಿ ತೆಗೆದು, ಎರಡೂ ಮಿಷನ್‌ಗಳಿಗೆ ಎಣ್ಣೆ ಬಿಟ್ಟು, ಚಕ್ರ ತಿರುಗಿಸಿದ. ಕಿವಿಗೊಟ್ಟು ಕೇಳಲಿಲ್ಲ. ಚೀಲ ಅಲ್ಲೇ ಬಿಟ್ಟು ಹೋದ. ಮರೆತು ಹೋದನೋ, ಬೇಕಂತಲೇ ಬಿಟ್ಟನೋ ಗೊತ್ತಿಲ್ಲ. ಬೈಕು ತಿರುವು ದಾಟುವ ತನಕ ನಾನು ಕೂಗಬಹುದಿತ್ತು. ಕೂಗಲಿಲ್ಲ.

ಹನ್ನೆರಡನೇ ದಿನ ಹುಡುಗಿ ಹದಡಿಯ ಮನೆಯಿಂದ ಹೊರಬಿದ್ದಳು. ಇಬ್ಬರೂ ಹರಿಹರದಲ್ಲಿ ಸೇರಿದ್ದನ್ನು ನೋಡಿದವರಿದ್ದಾರೆ. ಹದಿನಾಲ್ಕನೇ ದಿನ ಹೊಳೆಯಲ್ಲಿ ಸಿಕ್ಕರು. ಮತ್ತೆ ಶಿವಮೊಗ್ಗಕ್ಕೆ ಯಾಕೆ ಹೋಗಲಿಲ್ಲ, ಪೊಲೀಸರ ಹತ್ತಿರ ಯಾಕೆ ಹೋಗಲಿಲ್ಲ, ನನಗೆ ಗೊತ್ತಿಲ್ಲ. ನನ್ನ ನಂಬರು ಇಬ್ಬರಿಗೂ ಬಾಯಿಪಾಠವಾಗಿತ್ತು. ಆ ಎರಡು ದಿನ ಅದಕ್ಕೆ ಯಾವ ಕರೆಯೂ ಬರಲಿಲ್ಲ. ಯಾಕೆ ಬರಲಿಲ್ಲವೆಂಬುದು ಮಾತ್ರ ಗೊತ್ತು.

ಪೊಲೀಸರು ನನ್ನನ್ನೂ ಕರೆಸಿದರು. ಎರಡು ಪ್ರಶ್ನೆ ಕೇಳಿದರು: ಇಬ್ಬರೂ ನಿಮಗೆ ಪರಿಚಯವೇ, ಕೊನೆಗೆ ಯಾವಾಗ ನೋಡಿದಿರಿ. ಉತ್ತರ ಕೊಟ್ಟೆ. ಫೋನಿನ ವಿಷಯ ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಬೇರೆಯವರ ಕೈವಾಡವಿಲ್ಲ ಎಂದು ಪೇಪರಿನಲ್ಲಿ ಬಂತು. ಅಕ್ಕಿ ಹಾಕಿದ ನನ್ನ ಕೈ ನೋಡಿಕೊಂಡೆ.

ಅಂಗಡಿಯಲ್ಲಿ ಮಾತು ನಿಲ್ಲಲಿಲ್ಲ. ಬಡಾವಣೆಯ ಹೆಂಗಸರಿಗೆ ಹುಡುಗನದೇ ತಪ್ಪು. "ರಿಪೇರಿ ಮಾಡಾಕೆ ಬಂದೋನು ಮನೆ ಮುರಿದು ಹೋದ" ಎಂದರು ಒಬ್ಬರು. "ಮೊಬೈಲ್ ಕೊಡ್ಸಿದ್ದೇ ತಪ್ಪು ಕಣ್ರಿ" ಎಂದರು ಇನ್ನೊಬ್ಬರು, ತಮ್ಮ ಮೊಬೈಲಿನಿಂದ ಕಣ್ಣು ತೆಗೆಯದೆ. ಹಣೇಬರ ಎಂದವರೂ ಇದ್ದರು. ತಂದೆ ಪೇಟೆಯಲ್ಲಿ ಯಾರಿಗೋ, "ನಾನು ಹೂಂ ಅಂದಿದ್ನೇನು? ಬ್ಯಾಡ ಅಂದಿದ್ನೇನು?" ಎಂದು ಕೇಳಿದರಂತೆ. ಅದು ನಿಜ. ಅವರು ಏನೂ ಅಂದಿರಲಿಲ್ಲ.

ಒಂದು ದಿನ ನಾನು ಬಾಯಿಬಿಟ್ಟೆ. ಫೋನು ಮಾಡಿ ಕರೆಸಿದವಳು ನಾನು, ಎಲ್ಲರೂ ಒಪ್ಯಾರೆ ಎಂದು ಹೇಳಿದವಳು ನಾನು ಎಂದೆ. ಅಂಗಡಿಯಲ್ಲಿ ಮೂರು ಜನ ಇದ್ದರು. ಮೂವರೂ ಒಟ್ಟಿಗೆ, "ಅಯ್ಯೋ, ನಿಮ್ದೇನ್ ತಪ್ಪೈತ್ರಿ, ಬಿಡ್ರಿ" ಎಂದರು. ಅಷ್ಟು ಬೇಗ ಅಂದರು. ಯಾರೂ ಏನು ಹೇಳಿದಿರಿ, ಯಾಕೆ ಹೇಳಿದಿರಿ ಎಂದು ಕೇಳಲಿಲ್ಲ. ಆ ಮೂವರಲ್ಲಿ ಒಬ್ಬರು ಹದಡಿಯಲ್ಲಿ ನೋಡಿದ್ದ ಆ ಬೇರೆ ವರನ ಕಡೆಯ ಸಂಬಂಧಿ, ಹುಡುಗಿಯ ಜಾತಕ ಒಯ್ದು ಕೊಟ್ಟವರು. ನನ್ನನ್ನು ಕ್ಷಮಿಸಿದರೆ ತಮಗೂ ಅದೇ ಸಾಲಿನಲ್ಲಿ ಜಾಗವಾಗುತ್ತದೆ ಎಂದು ಅವರಿಗೆ ತೋಚಿರಬೇಕು. ನಾನೂ ಆ ಕ್ಷಮೆಯನ್ನು ಕೆಲವು ದಿನ ಹೊದ್ದುಕೊಂಡು ಮಲಗಿದೆ, ಸುಳ್ಳಾಡುವುದಿಲ್ಲ.

ಆಷಾಢದಲ್ಲಿ ಹರಿಹರ ಕಡೆಯ ಒಬ್ಬ ಗಿರಾಕಿ ಹೇಳಿದ ಮಾತಿನಿಂದ ಆ ನಿದ್ದೆ ಹೋಯಿತು. ಸಾರಥಿಯಲ್ಲಿ ಹುಡುಗನ ತಾಯಿ ದಿನಾ ಬೆಳಿಗ್ಗೆ ಬಾಗಿಲಿಗೆ ನೀರು ಹಾಕುವಾಗ ಸತ್ತ ಹುಡುಗಿಯನ್ನು ಬೈಯುತ್ತಾರಂತೆ. "ಶಿವಮೊಗ್ಗದಾಗೆ ಆರಾಮಿದ್ರು. ಆಕೀಗೆ ತವರಿನ ಅನ್ನ ನೆನಪಾತು, ನನ್ನ ಮಗನ್ನ ಎಳ್ಕೊಂಡು ಬಂದು ಹೊಳೀಗೆ ಹಾಕಿದ್ಲು" ಎಂದು. ಊರೆಲ್ಲ ಅದನ್ನೇ ನಂಬಿದೆ.

ಇಲ್ಲಿ ತಪ್ಪೆಲ್ಲ ಸತ್ತ ಹುಡುಗನ ಮೇಲೆ, ಅಲ್ಲಿ ಸತ್ತ ಹುಡುಗಿಯ ಮೇಲೆ. ಆ ಹುಡುಗಿ ಅವನನ್ನು ಎಳೆದು ತರಲಿಲ್ಲ, ಅಳುತ್ತ ಫೋನು ಅವನ ಕೈಗೆ ಕೊಟ್ಟಳು ಅಷ್ಟೆ ಎಂಬುದು ಬದುಕಿರುವವರಲ್ಲಿ ನನಗೆ ಮಾತ್ರ ಗೊತ್ತು. ನಾನು ಹೇಳದಿದ್ದರೆ ಅವಳು ದಿನಾ ಬೆಳಿಗ್ಗೆ ಆ ಬೈಗುಳ ತಿನ್ನುತ್ತಿರಬೇಕು.

"ಪೊಲೀಸರೇ ಕೇಳಿಲ್ಲ, ನೀನ್ಯಾಕೆ ಸಾರಥಿಗೆ ಹೋಗಿ ಮೈಮೇಲೆ ಹಾಕ್ಕಂತೀಯ?" ಎಂದರು ನಮ್ಮ ಮನೆಯವರು. "ಹೊಡೆದ್ರೆ?"

"ಹೊಡೀಲಿ."

"ಹೊಡೆಯಲ್ಲ. ಅತ್ರೆ ಏನ್ ಮಾಡ್ತೀ?" ಎಂದರು. ಆದರೂ ಮರುದಿನ ಬೆಳಿಗ್ಗೆ ಬಸ್‌ಸ್ಟ್ಯಾಂಡಿಗೆ ಬಿಟ್ಟು ಬಂದವರು ಅವರೇ.

ಹರಿಹರದಲ್ಲಿ ಬಸ್ಸಿಳಿದು ಆಟೋ ಹಿಡಿದು ಸಾರಥಿಗೆ ಹೋದೆ. ಅವನ ಸಾಮಾನಿನ ಚೀಲ ತೊಡೆಯ ಮೇಲಿತ್ತು. ನಾಟಿ ಇನ್ನೂ ಶುರುವಾಗಿರಲಿಲ್ಲವಾದ್ದರಿಂದ ಆಕೆ ಮನೆಯಲ್ಲೇ ಇದ್ದರು. ಮೊರದಲ್ಲಿ ಅಕ್ಕಿ ಆರಿಸುತ್ತಿದ್ದರು. ಸಣ್ಣ ಆಳು. ಚೀಲ ನೋಡಿದ ಕೂಡಲೇ ಗುರುತು ಸಿಕ್ಕಿತು.

"ಟೈಲರಕ್ಕಾರಾ? ಬರ್ರಿ, ಕೂಡ್ರಿ. ನಿಮ್ಮ ಹೆಸರು ಹೇಳ್ತಿದ್ದ. ಚಾ ಕೊಡಲ್ದೇ ಕಳ್ಸಲ್ಲ ಅಂತಿದ್ದ."

ಕಟ್ಟೆಯ ಮೇಲೆ ಕೂತೆ. ಫೋನು ಮಾಡಿದ ದಿನದಿಂದ ಶುರು ಮಾಡಿ, ಇಲ್ಲಿ ಬರೆದ ಹಾಗೆಯೇ, ಯಾರು ಏನಂದರು ಎಂಬುದನ್ನಷ್ಟೇ ಹೇಳಿದೆ. ತಾಯಿ ಅಕ್ಕಿ ತಂದದ್ದು. ತಂದೆ ಸುಮ್ಮನೆ ಉಂಡು ಎದ್ದದ್ದು. ನಾನು ಎಲ್ಲರೂ ಎಂದದ್ದು. ಏಳನೇ ದಿನ ಅವನು ಬಂದು ಕೇಳಿದ್ದು. ಆಕೆಯ ಕೈ ಮೊರದಲ್ಲಿ ಆಡುತ್ತಲೇ ಇತ್ತು, ಆದರೆ ಕಲ್ಲು ತೆಗೆಯುತ್ತಿರಲಿಲ್ಲ.

"ಫೋನಿನಾಗೆ ಅವ್ನು ಏನಂದ?" ಎಂದರು.

ಹೇಳಿದೆ.

"ಇನ್ನೊಮ್ಮೆ ಹೇಳ್ರಿ."

ಇನ್ನೊಮ್ಮೆ ಹೇಳಿದೆ. ಕುಣಿಯಲು ಶುರು ಮಾಡುತ್ತಾಳೆ ಎಂದು ನಕ್ಕದ್ದನ್ನು ಹೇಳಿದಾಗ ಆಕೆಯ ಬಾಯಿ ಒಂದು ಕಡೆ ನಗುವಿನ ಹಾಗೆ ಸರಿದು ಅಲ್ಲೇ ನಿಂತಿತು.

"ಯಾರು ಕರೆದ್ರೋ ಅಂತ ಕೇಳಿದ್ದೆ ನಾನು" ಎಂದರು. "ಹೇಳೋರು ಹೇಳಿದ್ರು ಬಿಡವ್ವ ಅಂದ. ಎಷ್ಟು ಸಲ ಕೇಳ್ದೆ. ನಿಮ್ಮ ಹೆಸರು ಬಾಯಿ ಬಿಡ್ಲಿಲ್ಲ ನೋಡ್ರಿ ಅವ್ನು."

ನಾನು ಚೀಲ ತೊಡೆಯಿಂದ ತೆಗೆದು ಆಕೆಯ ಮುಂದಿಟ್ಟೆ.

"ಮತ್ತೆ ಆಕಿ? ಆಕಿ ಏನೂ ಅನ್ಲಿಲ್ವಾ? ಹೋಗಾಣ ಅಂತ?"

"ಇಲ್ಲ. ಅತ್ಲು ಅಷ್ಟೆ."

ಆಕೆ ಮೊರ ಪಕ್ಕಕ್ಕಿಟ್ಟರು. "ನಾಲ್ಕು ತಿಂಗಳಾತು. ಆ ಕೂಸಿಗೆ ನಾನು ಬೈದ ಬೈಗುಳ ಈಗ ಎಲ್ಲಿಗೆ ಹೋಗ್ತಾವೆ?"

"ನನ್ನ ಮೇಲೆ ಹಾಕ್ರಿ" ಎಂದೆ.

ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಅಲ್ಲಿಂದ ಮುಂದೆ ನನಗೆ ರೀ ಹಚ್ಚಲಿಲ್ಲ. "ನಿನ್ನೊಬ್ಬಾಕಿಗೆ ಹೊರಾಕಾಗಲ್ಲ, ಭಾಳ ಅದಾವೆ. ನಿಂದೆಷ್ಟೈತೋ ಅಷ್ಟು ಹೊರು. ಉಂಡು ಎದ್ದೋನದು ಅವ್ನು ಹೊರ್ಲಿ. ಬೀಗ ಹಾಕಿದೋನದು ಅವ್ನು. ನಂದೂ ಐತೆ. ಆಕೀನ್ನ ಕರ್ಕೊಂಡು ಬರ್ತೀನಿ ಅಂತ ಅವ್ನು ಮೊದ್ಲು ಕೇಳಿದಾಗ, ದೊಡ್ಡೋರ ಸಾವಾಸ ನಮಗ್ಯಾಕೆ, ನಮ್ಮ ಮನೀಗೆ ಬ್ಯಾಡ ಅಂದೆ. ಅದಕ್ಕೇ ಶಿವಮೊಗ್ಗಕ್ಕೆ ಹೋದ್ರು."

ಚೀಲ ಬಿಚ್ಚಿದರು. ಸ್ಕ್ರೂಡ್ರೈವರ್, ಇಕ್ಕಳ, ಸೂಜಿ ಪೊಟ್ಟಣ ಒಂದೊಂದೇ ಮುಟ್ಟಿ ಇಟ್ಟರು. ಎಣ್ಣೆ ಡಬ್ಬಿ ಕೈಯಲ್ಲೇ ಉಳಿಯಿತು.

"ಮಿಷನ್‌ಗೆ ಈಗ ಎಣ್ಣೆ ಯಾರು ಬಿಡ್ತಾರೆ?"

"ನಾನೇ."

ಡಬ್ಬಿ ನನ್ನ ಕಡೆ ಚಾಚಿದರು. ಚಾ ಕೊಡಲಿಲ್ಲ. ನನ್ನನ್ನು ಬಿಟ್ಟೆ, ಕ್ಷಮಿಸಿದೆ ಎಂದೂ ಅನ್ನಲಿಲ್ಲ. ನಾನು ಎದ್ದು ಅಂಗಳ ದಾಟುವಾಗ ಹಿಂದಿನಿಂದ ಕರೆದರು.

"ಆಕೀ ತಾಯಿ ನಿಮ್ಮ ಓಣಿಯಾಗೇ ಅಲ್ವಾ? ಹೇಳು. ನಿನ್ನ ಮಗಳಿಗೆ ಬೈದಿದ್ದೆಲ್ಲ ನಾನು ವಾಪಸ್ ತಗೊಂಡೆ ಅಂತ ಹೇಳು. ಹೆಂಗೆ ಹೇಳೀನೋ ಹಂಗೇ ಹೇಳು. ಒಂದು ಮಾತೂ ಹೆಚ್ಚಿಗೆ ಸೇರಿಸಬ್ಯಾಡ."

ಸಂಜೆ ಐದು ಗಂಟೆಗೆ ದಾವಣಗೆರೆಗೆ ಬಂದೆ. ಮನೆಗೆ ಹೋಗದೆ ನೇರ ಹುಡುಗಿಯ ಮನೆಗೆ ಹೋದೆ. ಗಂಡ ಪೇಟೆಯಲ್ಲಿದ್ದರು. ತಾಯಿ ಹಿತ್ತಲ ಬಾಗಿಲಲ್ಲಿ ಕೂತಿದ್ದರು. ಸಾರಥಿಗೆ ಹೋಗಿದ್ದೆ ಎಂದೆ. ಆಕೆ ಹೇಳಿದ ಮಾತನ್ನು ಹೇಳಿದೆ, ಹೇಗೆ ಹೇಳಿದ್ದರೋ ಹಾಗೆ.

ಅವರು ಸೆರಗಿನಿಂದ ಮುಖ ಒರೆಸಿಕೊಂಡು ಕೇಳಿದರು. "ಮತ್ತೇನಂದ್ರು ಅಕ್ಕಾ? ನನ್ನ ಮ್ಯಾಲೆ ಸಿಟ್ಟಿಲ್ಲ ಅಂದ್ರಾ?"

ಇಲ್ಲ ಅಂದರು ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅವರ ಕಣ್ಣುಗಳು ಅದನ್ನೇ ಬೇಡುತ್ತಿದ್ದವು. ಎಷ್ಟು ಸಣ್ಣ ಮಾತು, ಆ ಒಂದು ಸಂಜೆಯಾದರೂ ಆಕೆ ಊಟ ಮಾಡುತ್ತಿದ್ದರು.

"ಅಷ್ಟೇ ಅಂದ್ರು" ಎಂದೆ.